ಸಾರ್ವಜನಿಕ ಬೆಂಚು: ಕೂರೋದಲ್ಲ, ಏಳೋದು ನೋಡಿ (ಅಳತೆ, ನೀರು, ತುಕ್ಕು, ಜಾಗ)

ಮೂಲೆಮಟ್ಟ:
ಬೆಂಚು ಸರಿಯಿದೆಯೇ ಎಂದು ತಿಳಿಯಲು ಎಲ್ಲರೂ ಅದರ ಮೇಲೆ ಕೂತು ನೋಡುತ್ತಾರೆ. ಕೂತಾಗ ಏನೂ ಗೊತ್ತಾಗುವುದಿಲ್ಲ, ಏಳುವಾಗ ಗೊತ್ತಾಗುತ್ತದೆ. ಕೂತಲ್ಲಿಂದ ಏಳಬೇಕಾದರೆ ಹಿಮ್ಮಡಿ ಮೊಣಕಾಲಿಗಿಂತ ಹಿಂದೆ ಸರಿಯಬೇಕು, ಮೈಭಾರ ಪಾದದ ಮೇಲೆ ಬರಬೇಕು. ಕಲ್ಲಿನ ದಿಂಡೋ ಕಾಂಕ್ರೀಟ್ ಪೆಟ್ಟಿಗೆಯೋ ನೆಲದಿಂದ ಗೋಡೆಯಂತೆ ನೇರ ಎದ್ದಿದ್ದರೆ ಹಿಮ್ಮಡಿ ಅದಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಹರೆಯದವರು ಹೇಗೋ ಮುಂದಕ್ಕೆ ಬಾಗಿ ಎದ್ದುಬಿಡುತ್ತಾರೆ. ಮಂಡಿನೋವಿನವರು ಮತ್ತೆ ಆ ಕಡೆ ಬರುವುದಿಲ್ಲ. ಆಮೇಲೆ "ಬೆಂಚು ಖಾಲಿ ಬಿದ್ದಿದೆ, ಜನಕ್ಕೆ ಬೇಕಿಲ್ಲ" ಎಂಬ ತೀರ್ಮಾನ ಬರುತ್ತದೆ.

ಅದಕ್ಕೇ ಮೊದಲು ಅಳತೆ. ಕೂರುವ ಮೇಲ್ಮೈ ನೆಲದಿಂದ 430 ರಿಂದ 480 ಮಿಮೀ ಎತ್ತರ. ಅಮೆರಿಕದ ಎಡಿಎ (ಅಂಗವಿಕಲರ ಹಕ್ಕಿನ ಕಾಯ್ದೆ) ಮಾನದಂಡವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, 17 ರಿಂದ 19 ಇಂಚು. ಬೆನ್ನಿಗೆ ಒರಗು ಇರುವ ಬೆಂಚಿಗೆ 400 ರಿಂದ 450 ಮಿಮೀ ಆಳ ಸಾಕು. ಅದಕ್ಕಿಂತ ಹೆಚ್ಚಾದರೆ ಕುಳ್ಳಗಿರುವವರ ಬೆನ್ನು ಒರಗಿಗೆ ತಾಗುವುದೇ ಇಲ್ಲ, ತಾಗಿಸಿ ಕೂತರೆ ಮುಂದಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಒರಗು ಕೂರುವ ಹಲಗೆಗೆ 100 ರಿಂದ 105 ಡಿಗ್ರಿ. ಬುಡದಲ್ಲಿ ಹಿಮ್ಮಡಿ ಒಳಸರಿಯಲು ಕನಿಷ್ಠ 100 ಮಿಮೀ ಆಳದ ಬಿಡುವು ಬೇಕು. ದಿಂಡಿನ ಬೆಂಚೇ ಮಾಡಿಸುವುದಾದರೆ ಮುಂಭಾಗವನ್ನು ಒಳಕ್ಕೆ ಓರೆ ಮಾಡಿಸಿ, ಇಲ್ಲವೇ ಮೇಲಿನ ಚಪ್ಪಡಿಯನ್ನು ಅಷ್ಟು ಮುಂದೆ ಚಾಚಿಸಿ.

ಅಳತೆ ಹಿಡಿಯುವಾಗ ಆಗುವ ತಪ್ಪು ಒಂದಿದೆ. ಬೆಂಚು ಬಂದಾಗ ಎತ್ತರ 450 ಇರುತ್ತದೆ. ಆಮೇಲೆ ಅದರ ಸುತ್ತ 60 ಮಿಮೀ ದಪ್ಪದ ಪೇವರ್ (ನೆಲಹಾಸಿನ ಇಟ್ಟಿಗೆ) ಹಾಸುತ್ತಾರೆ. ಉಳಿಯುವುದು 390. ಅಳತೆ ಯಾವಾಗಲೂ ಮುಗಿದ ನೆಲದಿಂದ ಹಿಡಿಯಬೇಕು.

ಊರುಗೋಲು:
ಮೂಲೆಮಟ್ಟ ಅವರೇ, ಏಳುವ ಮಾತು ಬಂದಮೇಲೆ ಕೈಯಾಸರೆಯನ್ನು ಯಾಕೆ ಬಿಟ್ಟಿರಿ? ಬೆನ್ನೊರಗಿಗಿಂತ ಅದು ಮುಖ್ಯ. ಕೂರುವ ಮಟ್ಟದಿಂದ 200 ಮಿಮೀ ಆಸುಪಾಸು ಎತ್ತರ ಇರಲಿ. ಹೆಚ್ಚಿನ ತಯಾರಕರು ಇಲ್ಲೊಂದು ತಪ್ಪು ಮಾಡುತ್ತಾರೆ, ಕೈಯಾಸರೆ ಬೆಂಚಿನ ಅರ್ಧಕ್ಕೇ ನಿಂತುಬಿಡುತ್ತದೆ. ಅದು ಮೊಣಕೈ ಇಟ್ಟುಕೊಳ್ಳಲು ಆಯಿತು, ಊರಿ ಏಳಲು ಆಗಲಿಲ್ಲ. ಏಳುವವರು ಮುಂದಕ್ಕೆ ಸರಿದಿರುತ್ತಾರಲ್ಲ, ಆಗ ಅಂಗೈಗೆ ಆಸರೆ ಸಿಗಬೇಕಾದರೆ ಕೈಯಾಸರೆ ಬೆಂಚಿನ ಮುಂದಿನ ಅಂಚಿನವರೆಗೂ ಬರಬೇಕು. ಹಿಡಿಯುವ ಭಾಗ ದುಂಡಗೆ, 35 ರಿಂದ 45 ಮಿಮೀ ದಪ್ಪ. ಚಪ್ಪಟೆ ಪಟ್ಟಿಯಾದರೆ ಅಂಗೈ ಕೊಯ್ಯುತ್ತದೆ.

ಇನ್ನೊಂದು, ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು ಗಟ್ಟಿ ನೆಲ ಬೇಕು, 900 × 1300 ಮಿಮೀ ಆದರೂ. ಎದುರಿಗೆ ಅಲ್ಲ, ಪಕ್ಕದಲ್ಲಿ. ಜೊತೆಗೆ ಬಂದವರ ಭುಜದ ಪಕ್ಕ ಭುಜ ಇರುವ ಹಾಗೆ. ಬೆಂಚಿನ ಎರಡೂ ತುದಿಗೆ ಹೂಕುಂಡ ಇಟ್ಟು ಮುಚ್ಚಿಬಿಟ್ಟರೆ ಆ ಜಾಗ ಹೋಯಿತು.

ತುಕ್ಕುವೈರಿ:
ನನ್ನ ಪಾಲಿಗೆ ಬೆಂಚು ಅಂದರೆ ನೀರು ಎಲ್ಲಿ ನಿಲ್ಲುತ್ತದೆ ಅನ್ನೋದಷ್ಟೇ. ಕಬ್ಬಿಣದ ಬೆಂಚು ಕೂರುವ ಕಡೆ ಹಾಳಾಗುವುದು ಅಪರೂಪ. ಹಾಳಾಗುವುದು ಕಾಲಿನ ಕೊನೆಯ 50 ಮಿಮೀ. ಕಾರಣ ಮೂರು, ಸಾಮಾನ್ಯವಾಗಿ ಮೂರೂ ಒಟ್ಟಿಗೆ ಇರುತ್ತವೆ.

ಮೊದಲನೆಯದು, ಬೇಸ್ ಪ್ಲೇಟ್ (ಕಾಲಿನ ಬುಡದ ತಗಡು) ನೆಲದ ಮಟ್ಟಕ್ಕೋ, ಅದಕ್ಕಿಂತ ಕೆಳಗೋ ಕೂತು ಸುತ್ತ ಕೆಸರು ತುಂಬಿಕೊಳ್ಳುತ್ತದೆ. ಪ್ಲೇಟಿನ ಕೆಳಗೆ 10 ರಿಂದ 15 ಮಿಮೀ ಕುಗ್ಗದ ಗ್ರೌಟ್ (ಸಂದು ತುಂಬುವ ತೆಳು ಗಾರೆ) ತುಂಬಿ, ಅಂಚನ್ನು ಹೊರಕ್ಕೆ ಇಳಿಜಾರು ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ಎರಡನೆಯದು ಟೊಳ್ಳು ಪೈಪು. ಮೇಲಿನ ಬೋಲ್ಟ್ ತೂತಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಇಲ್ಲ. ಕಾಲಿನ ಬುಡದಲ್ಲಿ 8 ಮಿಮೀ ತೂತು ಬೇಕು, ಅದು ಗ್ರೌಟಿನಲ್ಲಿ ಹೂತುಹೋಗಿರಬಾರದು. ಬಿಸಿ ಗ್ಯಾಲ್ವನೈಸ್ (ಕರಗಿದ ಸತುವಿನ ಲೇಪ) ಮಾಡಿಸುವುದಾದರೆ ಈ ತೂತುಗಳು ಹೇಗೂ ಇರಲೇಬೇಕು. ಮುಚ್ಚಿದ ಪೈಪನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್ ಕರಗಿದ ಸತುವಿನಲ್ಲಿ ಅದ್ದಿದರೆ ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಅದ್ದಿ ಬಂದಮೇಲೆ ಮೇಲಿನ ತೂತಿಗೆ ಪ್ಲಗ್ ಹಾಕಿ, ಕೆಳಗಿನದನ್ನು ತೆರೆದಿಡಿ. ಜನ ಇದನ್ನು ಉಲ್ಟಾ ಮಾಡುತ್ತಾರೆ!

ಮೂರನೆಯದು, ಜೋಡಿಸುವ ಜಾಗದಲ್ಲಿ ತೂತು ಹೊಂದದೆ ಗ್ಯಾಲ್ವನೈಸ್ ಆದ ಕಾಲಿಗೆ ಅಲ್ಲೇ ಹೊಸ ತೂತು ಕೊರೆಯುವುದು. ಆ ಅಂಚಿನಲ್ಲಿ ಸತು ಇಲ್ಲ. ಕೊರೆದ ತಕ್ಷಣ ಸತು ತುಂಬಿದ ಬಣ್ಣ ಎರಡು ಸಲ ಹಚ್ಚಬೇಕು. ಬರೀ ಬೂದು ಬಣ್ಣದ ಸ್ಪ್ರೇ ಹೊಡೆದರೆ ಕಣ್ಣಿಗೆ ಸರಿ ಕಾಣುತ್ತದೆ, ಅಷ್ಟೇ.

ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಕೂರಿಸುವುದು) ಬಗ್ಗೆ ಒಂದು ಮಾತು. ಅದನ್ನೇ ನಂಬಿ ಕೆಳಗೆ ಸತು ಬಿಟ್ಟರೆ, ಒಂದು ಸೈಕಲ್ ಪೆಡಲ್ ತಾಗಿದ ಗೀರು ಸಾಕು. ನೀರು ಪದರದ ಅಡಿಗೆ ನುಸುಳಿ ತುಕ್ಕು ಹರಡುತ್ತದೆ, ಮೇಲೆ ಬಣ್ಣ ಅಚ್ಚುಕಟ್ಟಾಗಿ ಕೂತಿರುತ್ತದೆ. ಉಗುರಿನಿಂದ ಕೆರೆದರೆ ಹಾಳೆಯ ಹಾಗೆ ಎದ್ದು ಬರುತ್ತದೆ.

ಬಾಚಿ_ಉಳಿ:
ಮರದ ಕಡೆಯ ಮಾತು ನನ್ನದು. ಹಲಗೆ ಪಟ್ಟಿ ಕೊಳೆಯುವುದು ಅಡ್ಡ ಕೊಯ್ದ ತುದಿಯಿಂದ ಮತ್ತು ಸ್ಕ್ರೂ ಗುಳಿಯಿಂದ. ಮೇಲಿನಿಂದ ಸ್ಕ್ರೂ ಹೊಡೆದು ತಲೆಯನ್ನು ಒಳಗೆ ಮುಳುಗಿಸಿದರೆ ಪ್ರತಿ ಗುಳಿಯೂ ಒಂದು ಪುಟ್ಟ ಬಟ್ಟಲು. ಕೆಳಗಿನಿಂದ ಹಿಡಿಯಿರಿ. 40 ಮಿಮೀ ಪಟ್ಟಿಗೆ 8 ಮಿಮೀ ಕೋಚ್ ಸ್ಕ್ರೂ (ಪಾನಾದಿಂದ ತಿರುಗಿಸುವ ದಪ್ಪ ಸ್ಕ್ರೂ), ಮರದೊಳಗೆ 28 ರಿಂದ 30 ಮಿಮೀ ಹೋದರೆ ಸಾಕು. ಕಬ್ಬಿಣದ ಚೌಕಟ್ಟಿನ ತೂತು ಪಟ್ಟಿಯ ಅಗಲದ ದಿಕ್ಕಿಗೆ ಉದ್ದಗೆ ಇರಲಿ, ಯಾಕೆಂದರೆ ಮರ ಉಬ್ಬುವುದೂ ಕುಗ್ಗುವುದೂ ಅಗಲದಲ್ಲಿ, ಉದ್ದದಲ್ಲಿ ಲೆಕ್ಕಕ್ಕಿಲ್ಲ. ಅಗಲದಲ್ಲಿ ಎರಡು ಕಡೆ ಅಲುಗದಂತೆ ಬಿಗಿದರೆ ಸೀಳು ಗ್ಯಾರಂಟಿ.

ಪಟ್ಟಿಗಳ ನಡುವೆ 8 ರಿಂದ 10 ಮಿಮೀ ಸಂದು. 5 ಮಿಮೀ ಇಟ್ಟರೆ ಒದ್ದೆಯಾದಾಗ ಮುಚ್ಚಿಕೊಂಡು ಎಲೆ ಕಸ ಸಿಕ್ಕಿಕೊಳ್ಳುತ್ತದೆ. 15 ದಾಟಿದರೆ ಮಕ್ಕಳ ಬೆರಳಿನ ಯೋಚನೆ. ಮೇಲಿನ ಅಂಚುಗಳನ್ನೆಲ್ಲ 5 ಮಿಮೀ ದುಂಡಗೆ ಮಾಡಿ, ಚೂಪು ಅಂಚಿನಲ್ಲಿ ಎಣ್ಣೆ ನಿಲ್ಲುವುದಿಲ್ಲ, ಸಿಬಿರೂ ಅಲ್ಲಿಂದಲೇ ಏಳುತ್ತದೆ. ಕೊಯ್ದ ತುದಿಗೆ ಜೋಡಿಸುವ ಮೊದಲೇ ಎಣ್ಣೆಯನ್ನೋ ಮೇಣದ ಸೀಲರನ್ನೋ ಹೀರುವಷ್ಟು ಹೀರಿಸಿ.

ವಾರ್ನಿಷ್ ದಯವಿಟ್ಟು ಬೇಡ. ಹೊರಗಿನ ಬಿಸಿಲಿಗೆ ಅದು ಪೊರೆಯ ಹಾಗೆ ಬಿರುಕು ಬಿಟ್ಟು ಏಳುತ್ತದೆ, ಮತ್ತೆ ಬಳಿಯಬೇಕಾದರೆ ಹಳೆಯದನ್ನೆಲ್ಲ ಕೆರೆಯಬೇಕು. ಎಣ್ಣೆಯಾದರೆ ವರ್ಷಕ್ಕೊಮ್ಮೆ 80 ನಂಬರಿನ ಉಜ್ಜುಕಾಗದ, ಆಮೇಲೆ 120, ಒರೆಸಿ, ತೆಳ್ಳಗೆ ಎರಡು ಸಲ ಎಣ್ಣೆ. ತೇಗವನ್ನು ಹಾಗೇ ಬಿಟ್ಟರೂ ಬೂದು ಬಣ್ಣಕ್ಕೆ ತಿರುಗುತ್ತದೆಯೇ ಹೊರತು ಬೇಗ ಕೊಳೆಯುವುದಿಲ್ಲ. ಬೂದು ಬಣ್ಣ ರೋಗವಲ್ಲ. ಆದರೆ ಪ್ರೆಶರ್ ವಾಷರ್ ಹಿಡಿದವರು ಅದನ್ನು "ಕೊಳೆ" ಅಂದುಕೊಂಡು ಉಜ್ಜಿ, ಮೆದು ಎಳೆಗಳನ್ನೆಲ್ಲ ಕಿತ್ತು, ಹಲಗೆಯನ್ನು ಬಾಚಣಿಗೆ ಮಾಡಿಡುತ್ತಾರೆ.

ಗಾರೆಕೈ:
ಮರುಬಳಕೆಯ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಇದ್ಯಾವ ತಲೆನೋವೂ ಇಲ್ಲ ಅಂತ ಮಾರುವವರು ಹೇಳ್ತಾರಲ್ಲ, ನಿಜವೇ?

ಬಾಚಿ_ಉಳಿ:
ಕೊಳೆಯುವುದಿಲ್ಲ, ನಿಜ. ಆದರೆ ಜೋತುಬೀಳುತ್ತದೆ. ಬಿಗಿತದಲ್ಲಿ ಅದು ಗಟ್ಟಿ ಮರದ ಹತ್ತನೇ ಒಂದು ಪಾಲಷ್ಟೇ. 40 ಮಿಮೀ ದಪ್ಪದ ಮರದ ಪಟ್ಟಿಗೆ 600 ರಿಂದ 700 ಮಿಮೀಗೊಂದು ಆಸರೆ ಸಾಕಾದರೆ, ಪ್ಲಾಸ್ಟಿಕ್ಕಿಗೆ 400 ಕ್ಕೊಂದು ಬೇಕು. ಮರದ ಪಟ್ಟಿ ತೆಗೆದು ಅದೇ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಕಿದ ಬೆಂಚುಗಳು ಬೇಸಿಗೆ ಕಳೆಯುವುದರೊಳಗೆ ತೊಟ್ಟಿಲ ಹಾಗೆ ಆಗುವುದು ಇದಕ್ಕೇ. ಹಿಗ್ಗುವುದೂ ಜಾಸ್ತಿ. ಪಾಲಿಎಥಿಲೀನ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.12 ಮಿಮೀ ಹಿಗ್ಗುತ್ತದೆ. 1.8 ಮೀಟರ್ ಪಟ್ಟಿ, 40 ಡಿಗ್ರಿ ವ್ಯತ್ಯಾಸ ಅಂದರೆ 8 ರಿಂದ 9 ಮಿಮೀ. ನಡುವಿನ ಆಸರೆಗೆ ಮಾತ್ರ ಬಿಗಿದು, ತುದಿಗಳಲ್ಲಿ ಉದ್ದ ತೂತು ಬಿಟ್ಟು, ಅಗಲ ವಾಷರ್ ಹಾಕಿ. ಎಲ್ಲ ಕಡೆ ಬಿಗಿದರೆ ಪಟ್ಟಿ ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ.

ನೆರಳುಗಂಬ:
ಬಿಸಿಯ ವಿಷಯ ಯಾರೂ ಎತ್ತಲಿಲ್ಲ. ಬಿಸಿಲಿನಲ್ಲಿ ಒಂದೇ ತಾಪಕ್ಕೆ ಕಾದ ಮರ ಕೂರಲು ಆಗುತ್ತದೆ, ಲೋಹ ಚುರುಕ್ ಅನ್ನುತ್ತದೆ. ಅದು ಎಷ್ಟು ಕಾದಿದೆ ಅನ್ನುವುದಕ್ಕಿಂತ ಆ ಶಾಖ ಎಷ್ಟು ಬೇಗ ಚರ್ಮಕ್ಕೆ ಹರಿಯುತ್ತದೆ ಅನ್ನುವುದು ಮುಖ್ಯ. ಶಾಖವಾಹಕತೆ (ವಾಟ್/ಮೀಟರ್·ಕೆಲ್ವಿನ್ ಲೆಕ್ಕದಲ್ಲಿ) ಮರಕ್ಕೆ 0.15 ಆಸುಪಾಸಾದರೆ ಗ್ರಾನೈಟಿಗೆ 3, ಸ್ಟೇನ್‌ಲೆಸ್ ಸ್ಟೀಲಿಗೆ 15, ಅಲ್ಯೂಮಿನಿಯಮ್ಮಿಗೆ 200 ರ ಹತ್ತಿರ. ಚಳಿಯಲ್ಲಿ ಕಲ್ಲಿನ ಬೆಂಚು ಮೈ ಕೊರೆಯುವುದೂ ಇದೇ ಲೆಕ್ಕ. ಕಪ್ಪು ಗ್ರಾನೈಟಿನ ದಪ್ಪ ಚಪ್ಪಡಿ ಇನ್ನೊಂದು ಕಿತಾಪತಿ ಮಾಡುತ್ತದೆ. ಹಗಲೆಲ್ಲ ಶಾಖ ಕುಡಿದು ಸಂಜೆ ಕಕ್ಕುತ್ತದೆ, ಜನ ಬರುವ ಹೊತ್ತಿಗೆ ಸರಿಯಾಗಿ.

ನೆರಳಿಗೆ ಮರ ನೆಡುವವರು ಬೆಂಚಿನ ಬೆನ್ನಿಗೆ ನೆಡುತ್ತಾರೆ, ಅದು ಯಾವ ದಿಕ್ಕೇ ಆಗಿರಲಿ. ಸಂಜೆ ಬಳಸುವ ಬೆಂಚಿಗೆ ಮರ ಪಶ್ಚಿಮಕ್ಕೆ ಇರಬೇಕು. ಕೊಂಬೆ ನೇರ ಬೆಂಚಿನ ಮೇಲೆ ಬಂದರೆ ಹಕ್ಕಿ ಹಿಕ್ಕೆ, ಅಂಟು, ಉದುರುವ ಕಾಯಿ. ಕಾಂಡ 2 ರಿಂದ 3 ಮೀಟರ್ ದೂರ ಇದ್ದರೆ ನೆರಳೂ ಸಿಗುತ್ತದೆ, ಬೇರು ಅಡಿಪಾಯವನ್ನು ಎತ್ತುವುದೂ ಕಡಿಮೆ.

ಮೂಲೆಮಟ್ಟ:
ಅಡಿಪಾಯದ ಮಾತು ಬಂತು, ಹೇಳಿಬಿಡುತ್ತೇನೆ. ಅಲುಗುವ ಬೆಂಚುಗಳಲ್ಲಿ ಹೆಚ್ಚಿನವು ಪೇವರ್ ಮೂಲಕ ಬೋಲ್ಟ್ ಹೊಡೆದವು. ಪೇವರ್ ಕೆಳಗೆ ಇರುವುದು ಮರಳು. ಬೋಲ್ಟ್ ಹಿಡಿದಿರುವುದು ಒಂದು ಇಟ್ಟಿಗೆಯನ್ನು ಮಾತ್ರ, ನಾಲ್ಕು ಜನ ಒಟ್ಟಿಗೆ ಹಿಂದಕ್ಕೆ ಒರಗಿದರೆ ಇಟ್ಟಿಗೆ ಸಮೇತ ಎದ್ದು ಬರುತ್ತದೆ. ಪೇವರ್ ತೆಗೆದು, ಪ್ರತಿ ಕಾಲಿನ ಕೆಳಗೆ 400 × 400 ಮಿಮೀ, 450 ಮಿಮೀ ಆಳದ ಕಾಂಕ್ರೀಟ್ ಗುಂಡಿ ತುಂಬಿ. ಒಂದೊಂದೂ ಸುಮಾರು 170 ಕೆಜಿ ತೂಗುತ್ತದೆ, ಆ ಭಾರವೇ ಬೆಂಚನ್ನು ಹಿಡಿದಿಡುವುದು. ನೆಲ ಹೆಪ್ಪುಗಟ್ಟುವ ಚಳಿ ಪ್ರದೇಶವಾದರೆ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಬೇಕು.

ಇರುವ ಕಾಂಕ್ರೀಟಿಗೆ ಕೆಮಿಕಲ್ ಆಂಕರ್ (ತೂತಿನಲ್ಲಿ ರಾಳದಿಂದ ಅಂಟಿಸುವ ಸರಳು) ಹಾಕುವುದಾದರೆ ಎಂ12 (12 ಮಿಮೀ) ಸರಳಿಗೆ 14 ಮಿಮೀ ತೂತು, 110 ಮಿಮೀ ಆಳ, ಅಂಚಿನಿಂದ 120 ಮಿಮೀ ಆದರೂ ಒಳಗೆ. ತೂತಿನ ಧೂಳನ್ನು ಊದಿ, ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಿ. ಇದನ್ನು ಎರಡು ಸಲ ಮಾಡಿ. ರಾಳ ಹಿಡಿಯದಿದ್ದರೆ ಅದು ರಾಳದ ತಪ್ಪಲ್ಲ, ಕಾಂಕ್ರೀಟ್ ಬದಲು ಧೂಳಿಗೆ ಅಂಟಿಕೊಂಡಿರುತ್ತದೆ. ಮೊದಲು ಹಿಂಡಿದಾಗ ಬರುವ, ಸರಿಯಾಗಿ ಬೆರೆಯದ ರಾಳವನ್ನು ಎಸೆಯಿರಿ. ಎಕ್ಸ್‌ಪ್ಯಾನ್ಷನ್ ಬೋಲ್ಟನ್ನು (ಬಿಗಿದಂತೆ ತೂತಿನೊಳಗೆ ಅರಳಿ ಹಿಡಿಯುವ ಬೋಲ್ಟ್) ಅಂಚಿನ ಹತ್ತಿರ ಹಾಕಬೇಡಿ, ಬಿಗಿಯುವಾಗಲೇ ಮೂಲೆ ಸಿಡಿಯುತ್ತದೆ.

ತುಕ್ಕುವೈರಿ:
ಅಲ್ಯೂಮಿನಿಯಂ ಕಾಲಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿಗೆ ತೊಡಿಸುವ ನೈಲಾನ್ ಕೊಳವೆ ಮರೆಯಬೇಡಿ. ಎರಡು ಲೋಹ ನೇರ ತಾಗಿದರೆ ಉಪ್ಪುಗಾಳಿ ಇರುವ ಕಡೆ ಬೋಲ್ಟ್ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ಸಿಗೆ ಸ್ಟೇನ್‌ಲೆಸ್ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಸಡಿಲವಾಗದ ನಟ್ಟು) ಹಾಕಿದರೆ ಎಳೆಗೆ ಸ್ವಲ್ಪ ಗ್ರೀಸ್ ಹಚ್ಚಿ, ಒಣದಾಗಿ ಬಿಗಿದರೆ ಅರ್ಧದಲ್ಲೇ ಕಚ್ಚಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಆಮೇಲೆ ಗ್ರೈಂಡರೇ ಗತಿ.

ಕಳ್ಳತನ ತಡೆಯಲೆಂದೇ ಬಿಗಿದ ಮೇಲೆ ತಲೆ ಮುರಿದುಹೋಗುವ ನಟ್ಟುಗಳನ್ನು ನೆಲದ ಬೋಲ್ಟಿಗೆ ಮಾತ್ರ ಹಾಕಿ. ಪಟ್ಟಿಗಳಿಗೂ ಅದನ್ನೇ ಹಾಕಿದರೆ ಒಂದು ಪಟ್ಟಿ ಬದಲಿಸಲು ಅರ್ಧ ದಿನ. ಅದಕ್ಕೆ ಹೆದರಿ ಯಾರೂ ಬದಲಿಸುವುದಿಲ್ಲ. ಕಳ್ಳರಿಗಿಂತ ರಿಪೇರಿಯವರನ್ನೇ ಅದು ಚೆನ್ನಾಗಿ ತಡೆಯುತ್ತದೆ.

ಚೌಕಿದಾರ:
ಎಲ್ಲ ಸರಿ. ಆದರೆ ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದ್ಯಾವುದೂ ಅಲ್ಲ. "ಬೆಂಚಿನ ಮೇಲೆ ಮಲಗುತ್ತಾರೆ, ರಾತ್ರಿ ಗುಂಪು ಸೇರಿ ಗಲಾಟೆ ಮಾಡುತ್ತಾರೆ." ಆಡಳಿತ ಮಂಡಳಿ ಕೇಳುವುದೇ ಬೆಂಚಿನ ನಡುವೆ ಕೈಯಾಸರೆ ಹಾಕಿಸಿ ಅಂತ. ಊರುಗೋಲು ಅವರು ಕೈಯಾಸರೆ ಬೇಕು ಅಂದರು, ಇಬ್ಬರಿಗೂ ಒಂದೇ ಉತ್ತರ ಆಯಿತಲ್ಲ?

ಊರುಗೋಲು:
ಇಲ್ಲ ಸರ್, ಒಂದೇ ಅಲ್ಲ. ಮಲಗದಂತೆ ತಡೆಯಲು ಹಾಕಿದ ಕೈಯನ್ನು ನೋಡಿದರೇ ಗೊತ್ತಾಗುತ್ತದೆ. ಬೆಂಚಿನ ನಟ್ಟನಡುವೆ, 100 ಮಿಮೀ ಎತ್ತರದ ಗೂಟದ ಹಾಗೆ ಇರುತ್ತದೆ. ಅಷ್ಟು ತಗ್ಗಿನದನ್ನು ಊರಿ ಯಾರೂ ಏಳಲಾರರು. ಮೇಲಾಗಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡವರು, ದಪ್ಪ ಮೈಯವರು, ಗಾಲಿಕುರ್ಚಿಯಿಂದ ಪಕ್ಕಕ್ಕೆ ಜಾರಿ ಬೆಂಚಿಗೆ ಬರುವವರು ಎಲ್ಲರಿಗೂ ಅಡ್ಡಿ. ಅಸಮವಾಗಿ ಇಡಿ. 1.8 ಮೀಟರ್ ಬೆಂಚಿಗೆ ಒಂದು ಕೈ ಎಡ ತುದಿಯಲ್ಲಿ, ಇನ್ನೊಂದು ಅಲ್ಲಿಂದ 600 ಮಿಮೀಗೆ, ಬಲ ತುದಿ ತೆರೆದೇ ಇರಲಿ. ಎರಡು ಕೈ ಬೇಕಾದವರಿಗೆ ಒಂದು ಜಾಗ ಸಿಕ್ಕಿತು, ಉಳಿದ 1.2 ಮೀಟರಿನಲ್ಲಿ ಇಬ್ಬರು ಒತ್ತಿಕೊಂಡೋ, ಚೀಲ ಇಟ್ಟುಕೊಂಡೋ ಕೂರಬಹುದು.

ನೆರಳುಗಂಬ:
ಮಲಗದಂತೆ ಮಾಡುವ ಹಟ ಎಲ್ಲಿಗೆ ಮುಟ್ಟುತ್ತದೆ ಎನ್ನಲು ಲಂಡನ್ನಿನ ಕ್ಯಾಮ್ಡನ್ ಬೆಂಚು ಸಾಕು. 2012 ರಲ್ಲಿ ಬಂದ ಕಾಂಕ್ರೀಟ್ ದಿಂಡು, ಎಲ್ಲ ಕಡೆ ಇಳಿಜಾರು, ಒಂದು ಸಂದಿಲ್ಲ, ಬಿರುಕಿಲ್ಲ. ಮಲಗಲಾಗದು, ಸ್ಕೇಟ್‌ಬೋರ್ಡ್ ಜಾರಿಸಲಾಗದು, ಏನನ್ನೂ ಬಚ್ಚಿಡಲಾಗದು. ಹೆಚ್ಚು ಹೊತ್ತು ಆರಾಮಾಗಿ ಕೂರಲೂ ಆಗದು. ಬೇಡದ್ದನ್ನೆಲ್ಲ ಕಳೆಯುತ್ತಾ ಹೋಗಿ ಕೊನೆಗೆ ಬೇಕಾದದ್ದನ್ನೂ ಕಳೆದ ಹಾಗೆ.

ಗಲಾಟೆಗೆ ಮದ್ದು ಬೆಂಚಿನಲ್ಲಿಲ್ಲ, ಜಾಗದಲ್ಲಿದೆ. ಮಲಗುವ ಕೋಣೆಯ ಕಿಟಕಿ ಕೆಳಗೆ ಎದುರುಬದುರು ಬೆಂಚು ಹಾಕಿದರೆ ಗುಂಪು ಸೇರದೆ ಇನ್ನೇನು? ಎದುರುಬದುರು, ಅಥವಾ ಮೂಲೆಗೆ 90 ಡಿಗ್ರಿ ಕೂಡಿಸಿದ ಬೆಂಚು ಮಾತಿಗೆ ಕರೆಯುತ್ತದೆ. ಹೊರಬಾಗಿದ ಕಮಾನಿನ ಬೆಂಚು, ಒಂದೇ ಸಾಲಿನ ಬೆಂಚು ಜನರನ್ನು ಬೇರೆ ಬೇರೆಯಾಗಿ ಇಡುತ್ತದೆ. ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು 1950 ರ ದಶಕದಲ್ಲೇ ಆಸ್ಪತ್ರೆಯ ಕೋಣೆಗಳನ್ನು ನೋಡಿ ಈ ಎರಡು ಬಗೆಯ ಜೋಡಣೆಗೆ ಬೇರೆ ಬೇರೆ ಹೆಸರನ್ನೇ ಕೊಟ್ಟರು. ಕಿಟಕಿ ಹತ್ತಿರ ಒಂದು ಸಾಲಿನದು, ಹರಟೆಯದು ದೂರ.

ಚೌಕಿದಾರ:
ಒಪ್ಪಿದೆ. ಆದರೆ ದೂರ ಹಾಕಿದ್ದು ಕತ್ತಲ ಮೂಲೆಗೆ ಹೋದರೆ ಹೆಂಗಸರು ಹೋಗುವುದೇ ಇಲ್ಲ.

ನೆರಳುಗಂಬ:
ನಿಜ. ದೂರ ಅಂದರೆ ಮೂಲೆ ಅಲ್ಲ, ಜನ ಓಡಾಡುವ ದಾರಿಯ ಅಂಚು. ಬೆನ್ನಿಗೆ ಗೋಡೆಯೋ ಗಿಡದ ಸಾಲೋ ಇರಬೇಕು, ಮುಖದ ಎದುರಿಗೆ ಓಡಾಟ. ಬೆನ್ನ ಹಿಂದೆ ಜನ ನಡೆಯುವ ಬೆಂಚಿನಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ದೀಪ ಕೂತವರ ಮುಖದ ಮೇಲೆ ಬೀಳುವಂತೆ ಸ್ವಲ್ಪ ಮುಂದೆ ಇರಲಿ. ನೆತ್ತಿಯ ಮೇಲೆ ಇದ್ದರೆ ಮುಖ ಕತ್ತಲು, ಮೇಲಿಂದ ಹುಳ. ಬೆಂಚಿನ ಮುಂದಿನ ಅಂಚು ದಾರಿಯಿಂದ 600 ಮಿಮೀ ಹಿಂದೆ ಇರಲಿ, ಚಾಚಿದ ಕಾಲು ದಾರಿಗೆ ಬರಬಾರದು. ಆ 600 ಮಿಮೀಗೂ ಗಟ್ಟಿ ನೆಲ ಹಾಸಿ, ಇಲ್ಲದಿದ್ದರೆ ಪಾದ ಉಜ್ಜಿ ಉಜ್ಜಿ ಅಲ್ಲೊಂದು ಕೊಚ್ಚೆ ಗುಂಡಿ ಆಗಿಯೇ ಆಗುತ್ತದೆ. ಕಸದ ಡಬ್ಬಿ 3 ಮೀಟರ್ ಆಚೆ. ಪಕ್ಕದಲ್ಲೇ ಇಟ್ಟರೆ ನೊಣ, ಹತ್ತು ಮೀಟರ್ ದೂರ ಇಟ್ಟರೆ ಕಸ ಬೆಂಚಿನ ಕೆಳಗೆ.

ಗಾರೆಕೈ:
ಎಷ್ಟು ಬೆಂಚು ಬೇಕು ಅನ್ನೋದಕ್ಕೆ ಲೆಕ್ಕ ಇದೆಯೇ? ಒಂದೇ ಕಡೆ ಹತ್ತು ಸಾಲಾಗಿ ಹಾಕಿಬಿಡ್ತಾರೆ, ಆಮೇಲೆ ಉದ್ದಕ್ಕೂ ಒಂದೂ ಇರಲ್ಲ.

ಮೂಲೆಮಟ್ಟ:
ನಡೆಯುವ ದಾರಿಗಾದರೆ 50 ಮೀಟರಿಗೆ ಒಂದಾದರೂ ಇರಲಿ ಎಂದು ಬ್ರಿಟನ್ನಿನ ಸಾರಿಗೆ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ನಿಲ್ಲದೆ ಹೆಚ್ಚು ದೂರ ನಡೆಯಲಾರದವರನ್ನು ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಚೌಕಗಳಿಗಾದರೆ ನ್ಯೂಯಾರ್ಕಿನಲ್ಲಿ ವಿಲಿಯಂ ಹೆಚ್. ವೈಟ್ ಎಂಬ ನಗರ ಅಧ್ಯಯನಕಾರರು 1970 ರ ದಶಕದಲ್ಲಿ ಕ್ಯಾಮೆರಾ ಇಟ್ಟು ಎಣಿಸಿದ ಕೆಲಸ ಇದೆ. 30 ಚದರ ಅಡಿ ಜಾಗಕ್ಕೆ 1 ಅಡಿ ಉದ್ದದ ಆಸನ, ಅಂದರೆ 9 ಚದರ ಮೀಟರಿಗೆ 1 ಮೀಟರ್. ಜನ ಎಲ್ಲಿ ಕೂರುತ್ತಾರೆ ಅಂದರೆ ಕೂರಲು ಜಾಗ ಇರುವ ಕಡೆ ಅಂತ ಅವರು ಕಂಡುಕೊಂಡದ್ದು ಕೇಳಲು ತಮಾಷೆ ಅನಿಸುತ್ತದೆ. ಆದರೆ ಕಾರಂಜಿಗೆ, ಶಿಲ್ಪಕ್ಕೆ ಹಣ ಸುರಿದು ಆಸನ ಮರೆತ ಚೌಕಗಳನ್ನು ನೋಡಿದರೆ ಹೇಳಲೇಬೇಕಾದ ಮಾತೇ.

ಎರಡು ಕಡೆಯಿಂದ ಕೂರುವ ಕಟ್ಟೆ 750 ಮಿಮೀ ಅಗಲ ಇದ್ದರೂ ಬೆನ್ನಿಗೆ ಬೆನ್ನು ತಾಗುತ್ತದೆ, 900 ಮಾಡಿ. 500 ಮಾಡಿದರೆ ಒಂದು ಕಡೆಯವರು ಕೂತಮೇಲೆ ಇನ್ನೊಂದು ಕಡೆ ಸತ್ತ ಹಾಗೆ. ನೋಡಿಕೊಳ್ಳುವ ಸಿಬ್ಬಂದಿ ಇರುವ ಕಡೆ ಬಿಡಿ ಕುರ್ಚಿಗಳೂ ಚೆನ್ನಾಗಿ ನಡೆಯುತ್ತವೆ, ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನ, ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಹಾಗೆ. ಸಿಬ್ಬಂದಿ ಇಲ್ಲದ ಕಡೆ ಬೇಡ.

ತುಕ್ಕುವೈರಿ:
ತಿಂಗಳ ತಪಾಸಣೆಗೆ ಬೆಂಚಿಗೆ 5 ನಿಮಿಷ ಸಾಕು, ಆದರೆ ಮಂಡಿಯೂರಿ ಕೆಳಗಿನಿಂದ ನೋಡಬೇಕು. ಒರಗಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆಮುಂದೆ ಜಗ್ಗಿ. ಪಟ್ಟಿಯ ತುದಿಗಳಿಗೆ ಸ್ಕ್ರೂಡ್ರೈವರ್ ಮೊನೆ ಒತ್ತಿ, 3 ಮಿಮೀ ಮೀರಿ ಇಳಿದರೆ ಕೊಳೆತಿದೆ. ಮೊದಲ ಸಲ ಬಿಗಿದಾಗಲೇ ನಟ್ಟು, ಬೋಲ್ಟ್, ಪ್ಲೇಟ್ ಮೂರಕ್ಕೂ ಸೇರಿ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದೆ ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ, ಪಾನಾ ಹಾಕಿ ನೋಡುವ ಅಗತ್ಯವೇ ಇಲ್ಲ. ಬೆಂಚಿನ ಕೆಳಗೆ ನಂಬರ್ ಒತ್ತಿಸಿ, ದೂರು ಕೊಡುವವರು "ಆ ಮರದ ಹತ್ತಿರದ್ದು" ಅನ್ನುವ ಬದಲು ನಂಬರ್ ಹೇಳಲಿ.

ಗಾರೆಕೈ:
ಕೊನೆಗೊಂದು ಪ್ರಶ್ನೆ. ಎರಡು ಕಂಬದ ಮೇಲೆ ಕೂತ ಹಳೆಯ ಗ್ರಾನೈಟ್ ಚಪ್ಪಡಿ, ಒರಗು ಇಲ್ಲ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ನೀರು. ಕಿತ್ತುಹಾಕದೆ ಸರಿಮಾಡಬಹುದೇ?

ಮೂಲೆಮಟ್ಟ:
ಆಗುತ್ತದೆ. ರಸಮಟ್ಟ ಇಟ್ಟು ನೋಡಿ, ಸಪಾಟಾಗಿಯೇ ಇರುತ್ತದೆ. 450 ಮಿಮೀ ಅಗಲಕ್ಕೆ 7 ಮಿಮೀ ಇಳಿಜಾರು ಸಾಕು, ಹಿಂದಕ್ಕೆ. ಮುಂದಕ್ಕೆ ಇಳಿಸಿದರೆ ಕೂತವರ ಮೀನಖಂಡದ ಮೇಲೆ ಹನಿಯುತ್ತದೆ, ಕೂತವರೂ ಜಾರುತ್ತಾರೆ. ಹಿಂದೆ ಗೋಡೆ ಅಂಟಿಕೊಂಡಿದ್ದರೆ ಮಾತ್ರ ಇಕ್ಕೆಲಗಳಿಗೆ ಯೋಚಿಸಿ. 1.5 ಮೀಟರ್ ಉದ್ದ, 100 ಮಿಮೀ ದಪ್ಪದ ಚಪ್ಪಡಿ 180 ಕೆಜಿ ಬರುತ್ತದೆ, ಹಾಗಾಗಿ ಪೂರ್ತಿ ಎತ್ತಲು ಹೋಗಬೇಡಿ. ಮೊದಲು ಹಳೆಯ ಗಾರೆಯನ್ನು ಸಂದಿನಲ್ಲಿ ಬಿಡಿಸಿ. ಹಾರೆಯ ಕೆಳಗೆ ಮರದ ತುಂಡು ಕೊಟ್ಟು ಒಂದು ತುದಿಯನ್ನು 15 ಮಿಮೀ ಮೀಟಿ, ಬೆಣೆ ತೂರಿಸಿ, ಬೆರಳು ಒಳಗೆ ಹಾಕದೆ ಮುಂದಿನ ಕಡೆ 7 ಮಿಮೀ ಪ್ಲಾಸ್ಟಿಕ್ ಪ್ಯಾಕಿಂಗ್ ಇಟ್ಟು ಇಳಿಸಿ. ಇನ್ನೊಂದು ತುದಿಗೂ ಹಾಗೇ. ಸಂದಿಗೆ ಕುಗ್ಗದ ಗ್ರೌಟ್ ತುಂಬಿ, ಮೂರು ದಿನ ಯಾರೂ ಕೂರದಂತೆ ಹಗ್ಗ ಕಟ್ಟಿ. ಹಿಂದಿನ ಅಂಚಿನ ಅಡಿಭಾಗದಲ್ಲಿ, ಅಂಚಿನಿಂದ 25 ಮಿಮೀ ಒಳಗೆ, ಗ್ರೈಂಡರಿನಿಂದ 6 ಮಿಮೀ ಅಗಲದ ಗೀಟು ಕೊರೆದರೆ ನೀರು ಅಡಿಯಲ್ಲಿ ಹರಿದು ಕಂಬಕ್ಕೆ ಕಲೆ ಮಾಡುವುದಿಲ್ಲ. ಮೇಲ್ಮೈಯಲ್ಲಿ ಸವೆದ ಗುಳಿ ಇದ್ದರೆ ಇಳಿಜಾರು ಕೊಟ್ಟರೂ ಅಲ್ಲಿ ನಿಲ್ಲುತ್ತದೆ. ಒಂದು ಲೋಟ ನೀರು ಸುರಿದು, ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಒಣಗಿದ ಮೇಲೆ ಅಷ್ಟನ್ನೇ ಉಜ್ಜಿಸಿ.